ಇರಲಿ ಅಂತ ಒಂದಿಷ್ಟು

ಮಾರ್ಚ್ 3, ಸೋಮವಾರ

ಈ ಡೈರಿ ಇವರು ತಂದುಕೊಟ್ಟಿದ್ದು. ರಕ್ತದೊತ್ತಡ ಜಾಸ್ತಿ ಇದೆ, ಕೂಗಾಟ ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ ದಿನವೇ ಅಂಗಡಿಗೆ ಹೋಗಿ ಬಂದರು. "ಕೂಗೋದನ್ನೆಲ್ಲ ಇದರಲ್ಲಿ ಕೂಗು, ಅಕ್ಕಪಕ್ಕದವರೂ ಸ್ವಲ್ಪ ನೆಮ್ಮದಿಯಾಗಿರ್ಲಿ" ಎಂದರು. ಗಂಡನಾದವನು ಹೆಂಡತಿಗೆ ಕೊಡುವ ಉಡುಗೊರೆಯೇ ಇದು? ಹೋಗಲಿ, ಇವತ್ತು ಕೂಗುವುದು ಬೇಕಾದಷ್ಟಿದೆ.

ಬೆಳಿಗ್ಗೆ ಕಾರ್ಖಾನೆಯ ಯಜಮಾನರು ಎಲ್ಲ ವಿಭಾಗದವರನ್ನೂ ಕರೆದು ಕೂರಿಸಿದರು. ನಮ್ಮದು ಗಾಲಿಕುರ್ಚಿ ಮಾಡುವ ಕಾರ್ಖಾನೆ. ಎಷ್ಟು ಕುರ್ಚಿ, ಯಾವಾಗ, ಅದಕ್ಕೆ ಯಾವ ಬಿಡಿಭಾಗ ಎಲ್ಲಿಂದ ಯಾವತ್ತು ಬರಬೇಕು, ಇದಿಷ್ಟೂ ಪ್ಲಾನಿಂಗ್ ಮುಖ್ಯಸ್ಥೆಯಾದ ನನ್ನ ತಲೆನೋವು. ಹೋದ ವರ್ಷ ದೊಡ್ಡಾಸ್ಪತ್ರೆಯ ಆರ್ಡರು ಎರಡು ಸಲ ತಡವಾಯಿತು. ತಮಾಷೆಯೆಂದರೆ ಗೋಡೌನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚಕ್ರ ಇತ್ತು, ಫ್ರೇಮ್ ಇತ್ತು, ಸೀಟಿನ ಬಟ್ಟೆ ಇತ್ತು. ಬ್ರೇಕಿನ ಸ್ಪ್ರಿಂಗ್ ಇರಲಿಲ್ಲ. ಬೆರಳುದ್ದದ ಒಂದು ಸ್ಪ್ರಿಂಗಿಗೋಸ್ಕರ ನೂರಾರು ಕುರ್ಚಿ ಗೋಡೆಗೆ ಒರಗಿ ನಿಂತಿದ್ದವು.

ಅದೇ ಆಸ್ಪತ್ರೆ ಕೊನೆಯ ಸಲ ಅಂತ ಮುನ್ನೂರು ಕುರ್ಚಿ ಕೇಳಿದೆ. ಮೇ ಮೂವತ್ತಕ್ಕೆ ತಲುಪಬೇಕು. ತಲುಪದಿದ್ದರೆ ಯಜಮಾನರು ಯಂತ್ರಗಳನ್ನು ಮಾರಿ, ಹೊರಗಿನಿಂದ ಸಿದ್ಧ ಕುರ್ಚಿ ತರಿಸಿ ಮಾರುತ್ತಾರಂತೆ. ಶೆಡ್ಡುಗಳೆಲ್ಲ ಗೋಡೌನು. ನೂರೈವತ್ತು ಜನ ಮನೆಗೆ. ಅಳತೆ ಟೇಪು ಹಿಡಿದವನೊಬ್ಬ ಆಗಲೇ ಬಂದು ಯಂತ್ರಗಳನ್ನು ಅಳೆದುಕೊಂಡೂ ಹೋಗಿದ್ದಾನೆ. ಹೇಳಿ ಅವರು ಗೋಡೆಯ ಕಡೆ ತಿರುಗಿಕೊಂಡರು. ನನಗೂ ಅಳು ಬಂತು, ಆದರೆ ನಾನು ಕೆಮ್ಮಿದೆ.

ಅದರ ಮೇಲೆ ಇನ್ನೊಂದು ಬಾಂಬು. ಇನ್ನು ಮುಂದೆ ಪ್ಲಾನು ಹಾಕಲು ಕೃತಕ ಬುದ್ಧಿಮತ್ತೆ ಬರುತ್ತದಂತೆ. ಅದನ್ನು ನಡೆಸಲು ಒಬ್ಬಳು ಇಂಜಿನಿಯರ್ ಹುಡುಗಿ, ಮುಖಕ್ಕಿಂತ ಕನ್ನಡಕವೇ ದೊಡ್ಡದು. ಸ್ವಂತ ಬುದ್ಧಿಯನ್ನೇ ಯಾರೂ ಬಳಸುತ್ತಿಲ್ಲ, ಇನ್ನು ಕೃತಕದ್ದು ಯಾಕೆ ಅಂತ ನಾನು ಕೇಳಿದೆ. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ.

ಮಾರ್ಚ್ 6, ಗುರುವಾರ

ಕನ್ನಡಕದ ಹುಡುಗಿಗೆ ನನ್ನ ಮೇಜಿನ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ಕೃತಕ ಬುದ್ಧಿಯ ಆ ಕಂಪ್ಯೂಟರ್ ಡಬ್ಬಕ್ಕೆ ನಮ್ಮ ಹತ್ತು ವರ್ಷದ ಲೆಕ್ಕವನ್ನೆಲ್ಲ ಉಣಿಸುತ್ತಿದ್ದಾಳೆ. ನೋಡಿ ನೋಡಿ ಅದು ತಾನಾಗಿ ಕಲಿಯುತ್ತದಂತೆ.

ದಿನವಿಡೀ ಪ್ರಶ್ನೆ. ಹದಿನೆಂಟಕ್ಕೆ ಬೇಕಾದ ಬಟ್ಟೆಯನ್ನು ಎಂಟಕ್ಕೇ ಬೇಕು ಅಂತ ಯಾಕೆ ಬರೆದಿದ್ದೀರಿ? ಇರಲಿ ಅಂತ. ನಾನೂರು ಬೇರಿಂಗ್ ಸಾಕಾಗುವ ಕಡೆ ಐನೂರು ಯಾಕೆ? ಇರಲಿ ಅಂತ. ಅವಳು ಕಣ್ಣು ಕಣ್ಣು ಬಿಟ್ಟಳು. ಕೊನೆಗೆ ನಾನೇ ಕೂರಿಸಿಕೊಂಡು ಪಾಠ ಹೇಳಿದೆ. ನಮ್ಮ ಮಾರಾಟದವನಿಗೆ ಜೇನುಬಾಯಿ ಅಂತ ಹೆಸರು. ಅವನು ಐನೂರು ಕುರ್ಚಿ ಹೋಗುತ್ತೆ ಅಂದರೆ ನಾನೂರು ಅಂತ ತಿಳಿಯಬೇಕು, ಯಾಕೆಂದರೆ ನಾನು ನೂರು ಕತ್ತರಿಸುತ್ತೇನೆ ಅಂತ ಅವನಿಗೆ ಗೊತ್ತು. ಸ್ಟೋರಿನ ಬೀಗದಣ್ಣ ಇಲ್ಲ ಅಂದರೆ ಇದೆ ಅಂತ ಅರ್ಥ, ಇದೆ ಅಂದರೆ ಮುಗಿಯುತ್ತಾ ಬಂತು ಅಂತ ಅರ್ಥ. ಬಟ್ಟೆಯವನು ನಾಳೆ ಅಂದರೆ ಮುಂದಿನ ವಾರ. ಹಾಗಂತಲೇ ನಾನು ಹತ್ತು ದಿನ ಮುಂಚಿನ ತಾರೀಕು ಕೊಡುತ್ತೇನೆ. ನಾನು ಹಾಗೆ ಕೊಡುತ್ತೇನೆ ಅಂತ ತಿಳಿದೇ ಅವನು ತಡ ಮಾಡುತ್ತಾನೆ. ಇದನ್ನೆಲ್ಲ ಕರಗತ ಮಾಡಿಕೊಳ್ಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಹುಡುಗಿ ಒಂದೂ ಬಿಡದೆ ಬರೆದುಕೊಂಡಳು. ನನ್ನ ಅನುಭವ ನೋಡಿ ದಂಗಾಗಿರಬೇಕು.

ಮನೆಗೆ ಬಂದರೆ ಇವರು ನಮ್ಮ ಗಡಿಯಾರದ ಮೇಲೆ ರೇಗುತ್ತಿದ್ದರು. ಇವರಿಗೆ ಎಲ್ಲಿಗೆ ಹೊರಡುವುದಿದ್ದರೂ ತಡ, ಅದಕ್ಕೇ ಗಡಿಯಾರ ಕಾಲು ಗಂಟೆ ಮುಂದಿಟ್ಟಿದ್ದೇನೆ. ಇವರು ಮನಸ್ಸಿನಲ್ಲೇ ಕಾಲು ಗಂಟೆ ಕಳೆಯುತ್ತಾರೆ. ಅದಕ್ಕೇ ನಾನು ಹೇಳುವಾಗಲೂ ಅರ್ಧ ಗಂಟೆ ಮುಂಚೆ ಹೇಳುತ್ತೇನೆ. ಸಂಸಾರ ಅಂದರೆ ಸುಮ್ಮನೆಯೇ?

ಮಾರ್ಚ್ 14, ಶುಕ್ರವಾರ

ಗೆದ್ದೆ! ಡಬ್ಬದ ಮೊದಲ ಪ್ಲಾನು ಬಂತು. ಮುನ್ನೂರು ಕುರ್ಚಿಗೆ ಎರಡು ಸಾವಿರ ಮುಂಗಾಲಿ ತರಿಸಿ ಅನ್ನುತ್ತದೆ. ಒಂದು ಕುರ್ಚಿಗೆ ಮುಂದೆ ಇರುವುದು ಎರಡೇ ಗಾಲಿ. ಬಟ್ಟೆಗೆ ಹೋದ ತಿಂಗಳೇ ಹೇಳಿಕಳಿಸಬೇಕಿತ್ತಂತೆ. ಹೋದ ತಿಂಗಳಿಗೆ ಹೇಗಪ್ಪಾ ಹೋಗುವುದು? ಜೇನುಬಾಯಿ ಅದನ್ನು ಎಲ್ಲರಿಗೂ ಓದಿ ಹೇಳಿ, ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಬೀಗದಣ್ಣನಂತೂ ಜನ್ಮದಲ್ಲಿ ಮೊದಲ ಸಲ ಹಲ್ಲು ಬಿಟ್ಟಿದ್ದು ನೋಡಿದೆ. ನಾನು ಕ್ಯಾಂಟೀನಿನಿಂದ ಎಲ್ಲರಿಗೂ ಸಿಹಿ ತರಿಸಿದೆ. ಹುಡುಗಿಗೂ ಒಂದು ಕೊಟ್ಟೆ, ಪಾಪ, ತಿಂದಳು.

ಮಾರ್ಚ್ 17, ಸೋಮವಾರ

ಆ ಹುಡುಗಿಗೆ ಸೊಕ್ಕು. ಯಜಮಾನರ ಎದುರಿಗೇ ಹೇಳಿದಳು: "ಅದು ತಪ್ಪು ಕಲಿತಿಲ್ಲ ಸರ್. ಇವರೆಲ್ಲ ಏನು ಬರೆದ್ರೋ ಅದನ್ನೇ ಕಲ್ತಿದೆ. ಬಟ್ಟೆಯವರು ಯಾವಾಗಲೂ ಹತ್ತು ದಿನ ತಡ, ಮಾರಾಟ ಯಾವಾಗಲೂ ನೂರು ಕಮ್ಮಿ, ಸ್ಟೋರಿನ ಸಾಮಾನು ಇದ್ದಕ್ಕಿದ್ದ ಹಾಗೆ ಮಾಯ. ಇಷ್ಟು ಕಂಡ ಯಾರಿಗಾದ್ರೂ ಭಯ ಆಗತ್ತೆ. ಅದಕ್ಕೂ ಭಯ ಆಗಿದೆ, ಜಾಸ್ತಿ ಕೇಳ್ತಿದೆ."

ಅಂದರೆ ನಮ್ಮದೇ ತಪ್ಪು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಮೇಡಂ ಬಂದರು, ಬಿದ್ದವರನ್ನು ಮತ್ತೆ ಓಡಾಡುವಂತೆ ಮಾಡುವ ವಿಭಾಗದವರು. ಕುರ್ಚಿಗಳನ್ನು ಒಂದು ಸುತ್ತು ನೋಡಿದರು. ಹೋದ ವರ್ಷ ತಡವಾದಾಗ ಏನು ಮಾಡಿದಿರಿ ಅಂತ ನಾನು ಮಾತಿಗೆ ಕೇಳಿದೆ. "ಏನು ಮಾಡೋದು? ಕುರ್ಚಿ ಬರೋವರೆಗೂ ನಮ್ಮ ರೋಗಿಗಳು ಹಾಸಿಗೇಲೇ ಇದ್ರು" ಎಂದರು. ಸಿಟ್ಟಿಲ್ಲದೆ, ಹೊರಗೆ ಬಿಸಿಲಿದೆ ಅಂತ ಹೇಳುವ ಹಾಗೆ ಹೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೂ ಅದೇ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಮಾರ್ಚ್ 25, ಮಂಗಳವಾರ

ಹುಡುಗಿ ಎಲ್ಲರಿಗೂ ನಿಜವಾದ ಸಂಖ್ಯೆ ಕೊಡಿ ಅಂತ ಬೇಡಿಕೊಂಡಳು. ಆಶ್ಚರ್ಯ, ಜೇನುಬಾಯಿ ಈ ವಾರ ನಿಜವನ್ನೇ ಕೊಟ್ಟನಂತೆ. ನನಗೇನು ಕನಸು ಬಿದ್ದಿತ್ತೇ? ರೂಢಿಯಂತೆ ಐದರಲ್ಲಿ ಒಂದು ಪಾಲು ಕತ್ತರಿಸಿದೆ. ಅವನ ಗಿರಾಕಿಗೆ ಕುರ್ಚಿ ಸಾಲದೆ ಬಂತು. ಇನ್ನು ಸತ್ತರೂ ನಿಜ ಹೇಳುವುದಿಲ್ಲ ಅಂತ ನನ್ನ ಮೇಜು ಗುದ್ದಿ ಹೋದ. ಬೀಗದಣ್ಣ ಅದನ್ನು ನೋಡಿ ಸ್ಟೋರಿನ ಹಿಂದಿನ ಕೋಣೆಗೆ ಇನ್ನೊಂದು ಬೀಗ ಜಡಿದ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯಾರು ಮೊದಲು ನಿಜ ಹೇಳುತ್ತಾರೋ ಅವರೇ ಉಪವಾಸ.

ಮಾರ್ಚ್ 29, ಶನಿವಾರ

ನನ್ನ ತಂಗಿ ನಾಲ್ಕು ದಿನ ಇದ್ದು ಇವತ್ತು ಹೊರಡಬೇಕಿತ್ತು. ರೈಲು ಆರಕ್ಕೆ ಅಂದಳು. ಅವಳು ನನ್ನ ತಂಗಿ, ಒಂದೇ ತಾಯಿ ಬೆಳೆಸಿದವರು ನಾವು. ಆರು ಅಂದರೆ ಆರೂವರೆ ಅಂತ ನಾನು ಲೆಕ್ಕ ಹಾಕಿದೆ. ಇವರಿಗೆ ರೂಢಿಯಂತೆ ಅರ್ಧ ಗಂಟೆ ಮುಂಚೆ, ಆರಕ್ಕೆ ರೈಲು ಅಂದೆ. ಇವರು ನನ್ನ ಅರ್ಧ ಗಂಟೆ, ಗಡಿಯಾರದ ಕಾಲು ಗಂಟೆ ಎರಡನ್ನೂ ಕಳೆದು, ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ನಿಧಾನವಾಗಿ ಗಡ್ಡ ಹೆರೆದುಕೊಂಡು ಬಂದರು. ನಾವು ಸ್ಟೇಷನ್ ಮುಟ್ಟಿದಾಗ ರೈಲಿನ ಹಿಂದಿನ ಡಬ್ಬಿಯ ಕೆಂಪು ದೀಪ ಕಾಣಿಸಿತು, ಅಷ್ಟೆ.

"ನಾನು ನಿಜಾನೇ ಹೇಳಿದ್ದೆ ಕಣೇ ಅಕ್ಕಾ" ಎಂದಳು, ಪೆಟ್ಟಿಗೆಯ ಮೇಲೆ ಕೂತು. ಅವಳಿಗೆ ಅಳು ಬಂದಿತ್ತು. ನೀನು ನಿಜ ಹೇಳುತ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ ನಾನು ರೇಗಿದೆ. ಇವರು ದೂರದಲ್ಲಿ ನಿಂತು ಆಕಾಶ ನೋಡುತ್ತಿದ್ದರು, ತಾವು ಯಾರಿಗೂ ಸಂಬಂಧವೇ ಇಲ್ಲದವರ ಹಾಗೆ. ಆಟೋ ಹಿಡಿದು ಮೂವರೂ ಮನೆಗೆ ವಾಪಸ್ ಬಂದೆವು.

ಅವಳಿಗೆ ಹಾಸಿಗೆ ಹಾಸುವಾಗ ಫಕ್ಕನೆ ಹೊಳೆಯಿತು. ಒಬ್ಬರು ನಿಜ ಹೇಳಿದರೆ ಪ್ರಯೋಜನವಿಲ್ಲ. ಹೇಳಿದರೆ ಎಲ್ಲರೂ ಒಂದೇ ಸಲ, ಒಂದೇ ದಿನ ಹೇಳಬೇಕು. ಕಾರ್ಖಾನೆಯ ವಿಷಯ ಹೇಳುತ್ತಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಯಜಮಾನರನ್ನು ಒಪ್ಪಿಸಿದ್ದು ನಾನೇ. ಎಲ್ಲರೂ ಇರಲಿ ಅಂತ ಎಲ್ಲೆಲ್ಲಿ ಏನೇನು ಅಡಗಿಸಿದ್ದಾರೋ ಎಲ್ಲವನ್ನೂ ಅಂಗಳಕ್ಕೆ ತರಬೇಕು, ಯಾಕೆ ಅಡಗಿಸಿದ್ದೆ ಅಂತ ಇವತ್ತೂ ಕೇಳುವುದಿಲ್ಲ, ಮುಂದೆಯೂ ಕೇಳುವುದಿಲ್ಲ ಅಂತ ಅವರು ಬೆಳಿಗ್ಗೆ ಮೈಕಿನಲ್ಲಿ ಹೇಳಿದರು. ಹೇಳಿದರೂ ಒಂದು ನರಪಿಳ್ಳೆ ಅಲುಗಾಡಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಸರಿ, ನಾನೇ ಹೋದೆ. ನನ್ನ ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಗಳನ್ನು ಒಂದೊಂದಾಗಿ ತಂದು ಅಂಗಳದ ನಡುವೆ ಸುರಿದೆ. ಬಿಸ್ಕತ್ತು ಎಲ್ಲಿಂದ ಬರಬೇಕು, ಬರೀ ಬೇರಿಂಗು. ಬಿಸಿಲಿಗೆ ಫಳಫಳ ಹೊಳೆದವು. ನನ್ನನ್ನು ಕಂಡರೆ ನಡುಗುವ ಹುಡುಗಿಯರೆಲ್ಲ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ನಗಲಿ ಬಿಡಿ. ಆಮೇಲೆ ಬಣ್ಣ ಹೊಡೆಯುವವನು ಪೀಪಾಯಿಯ ಹಿಂದಿನಿಂದ ಡಬ್ಬಿಗಳನ್ನು ಉರುಳಿಸಿಕೊಂಡು ಬಂದ. ವೆಲ್ಡಿಂಗಿನವರು ಛಾವಣಿಯ ಹಲಗೆ ಬಿಚ್ಚಿ ರಾಡುಗಳನ್ನು ಇಳಿಸಿದರು. ಛಾವಣಿ! ಜೇನುಬಾಯಿ ತನ್ನ ಕಾರಿನ ಡಿಕ್ಕಿ ತೆಗೆದ. ಅದರಲ್ಲಿ ನಾಲ್ಕು ಸಿದ್ಧ ಕುರ್ಚಿ ಮಡಚಿಟ್ಟಿದ್ದ, ಯಾವ ಗಿರಾಕಿಯಾದರೂ ಗಲಾಟೆ ಮಾಡಿದರೆ ಬೇಕಾಗುತ್ತದೆ ಅಂತ.

ಉಳಿದದ್ದು ಬೀಗದಣ್ಣ. ಎಲ್ಲರಿಗಿಂತ ಹಿರಿಯ, ನಾನೂ ಅಣ್ಣ ಅಂತಲೇ ಕರೆಯುವುದು. ಬೀಗದಕೈ ಗೊಂಚಲು ಎದೆಗೆ ಅವುಚಿಕೊಂಡು ನಿಂತಿದ್ದ. ತೆಗೆದರೆ ನಾಳೆಯೇ ಎಲ್ಲರೂ ಬಾಚಿಕೊಂಡು ಹೋಗುತ್ತಾರೆ, ಆಮೇಲೆ ಇಲ್ಲ ಅಂತ ಬೈಸಿಕೊಳ್ಳುವವನು ತಾನು ಎಂದ. ಸುಳ್ಳಲ್ಲ, ಅವನಿಗೆ ಹೆಚ್ಚು ಬೈದವಳು ನಾನೇ. ನಿನ್ನ ಸ್ಟೋರಿನಲ್ಲಿ ಏನಿಲ್ಲದಿದ್ದರೂ ಇನ್ನು ಮೇಲೆ ಬೈಗುಳ ನನಗೆ ಬರಲಿ, ಪ್ಲಾನು ನನ್ನದು ಅಂದೆ. ಅಷ್ಟೂ ಜನರ ಎದುರಿಗೆ ಹೇಳಿದೆ. ಅವನು ಗೊಂಚಲಿನಿಂದ ಒಂದು ಕೀಲಿ ಆರಿಸಿ, ಹೋಗಿ ಬಾಗಿಲು ತೆಗೆದ.

ಎರಡು ಮೂಟೆ. ಇಬ್ಬರು ಹೊತ್ತುಕೊಂಡು ಬಂದು ಬಾಯಿ ಬಿಚ್ಚಿದರು. ಬ್ರೇಕಿನ ಸ್ಪ್ರಿಂಗು!

ನಮ್ಮನ್ನು ಮುಳುಗಿಸಲು ಹೊರಟಿದ್ದ ಅದೇ ಸ್ಪ್ರಿಂಗು. ಯಜಮಾನರು ಮಾತು ಕೊಟ್ಟಿದ್ದರು, ಕೇಳುವ ಹಾಗಿರಲಿಲ್ಲ, ತುಟಿ ಕಚ್ಚಿ ನಿಂತರು. ನಾನು ಮಾತು ಕೊಟ್ಟಿರಲಿಲ್ಲವಲ್ಲ. "ಅಣ್ಣಾ, ಹೋದ ವರ್ಷ ಇದು ಇತ್ತಾ?" ಅಂದೆ.

"ಇತ್ತಮ್ಮ. ಕಷ್ಟಕಾಲಕ್ಕೆ ಅಂತ ಇಟ್ಟಿದ್ದೆ."

"ಅದಕ್ಕಿಂತ ಕಷ್ಟಕಾಲ ಬೇಕಾ?"

"ಇನ್ನೂ ದೊಡ್ಡದು ಬರಬಹುದು ಅನ್ನಿಸ್ತು" ಎಂದ, ತಲೆ ಕೆರೆದುಕೊಂಡು.

ಮೊದಲು ನಕ್ಕಿದ್ದು ಯಜಮಾನರು. ಆಮೇಲೆ ಇಡೀ ಅಂಗಳ. ನಾನು ಹೊಟ್ಟೆ ಹಿಡಿದುಕೊಂಡು ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ನಗುವಿನದು ಎಷ್ಟೋ, ಬೇರೆಯದು ಎಷ್ಟೋ. ಸ್ಪ್ರಿಂಗಿಗೋಸ್ಕರ ಹಾಸಿಗೆಯಲ್ಲಿ ಕಾದವರು ನೆನಪಾಗಿದ್ದರು.

ಮಧ್ಯಾಹ್ನದವರೆಗೂ ಹುಡುಗಿ ಎಲ್ಲದರ ಫೋಟೋ ತೆಗೆದಳು. ಫೋಟೋ ನೋಡಿಯೇ ಡಬ್ಬ ಎಣಿಸಿತು. ನಮ್ಮವರು ಕೈಯಲ್ಲಿ ಎಣಿಸಿದರೆ ಸ್ವಲ್ಪ ಕಮ್ಮಿ ಹೇಳುತ್ತಿದ್ದರು, ಅಭ್ಯಾಸಬಲ.

ಏಪ್ರಿಲ್ 11, ಶುಕ್ರವಾರ

ನಾನು ಹೇಳಿರಲಿಲ್ಲವೇ, ಡಬ್ಬ ದಾರಿಗೆ ಬಂತು! ಈ ಸಲದ ಪ್ಲಾನು ನೋಡಿದರೆ ಯಾರೋ ತಿಳಿದವರು ಬರೆದಂತಿದೆ. ಅದಕ್ಕೂ ಸ್ವಲ್ಪ ಬುದ್ಧಿ ಬಂದಿರಬೇಕು.

ಆದರೆ ಒಂದು ಸಾಲನ್ನು ಎರಡೆರಡು ಸಲ ಓದಿದೆ. ಆರು ವಾರ ಒಂದು ಚಕ್ರವನ್ನೂ ತರಿಸಬೇಡಿ ಅಂದಿದೆ. ಇರುವುದೇ ಸಾಕಂತೆ. ಆರು ವಾರ! ನನ್ನ ಜೀವಮಾನದಲ್ಲಿ ಒಂದು ವಾರವೂ ಚಕ್ರ ತರಿಸದೆ ಕೂತವಳಲ್ಲ. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಐವತ್ತು ಮಾತ್ರ ತರಿಸಲೇ, ಯಾರಿಗೂ ತಿಳಿಯದು ಅಂತ ಕೈ ತುರಿಸಿತು. ಹುಡುಗಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ನೋಡದ ಹಾಗೆ. ಸಹಿ ಹಾಕಿದೆ. ಮನೆಗೆ ಬಂದು ಮಾತ್ರೆ ತಗೊಂಡೆ.

ಏಪ್ರಿಲ್ 22, ಮಂಗಳವಾರ

ಚಕ್ರ ಮುಗಿದಿಲ್ಲ. ಜೋಡಣೆ ನಡೆಯುತ್ತಿದೆ. ಬರೆಯುವಂಥದ್ದೇನಿಲ್ಲ. ಡಬ್ಬಕ್ಕೆ ಬೀಗದಣ್ಣ ಜೋಯಿಸ ಅಂತ ಹೆಸರಿಟ್ಟಿದ್ದಾನೆ, ಮುಂದಾಗುವುದನ್ನು ಹೇಳುತ್ತದಲ್ಲ, ಅದಕ್ಕೆ. ದಿನಾ ಬೆಳಿಗ್ಗೆ ಬಂದು, ಇವತ್ತು ಜೋಯಿಸ ಏನಂತಾನೆ ಅಂತ ಕೇಳಿಕೊಂಡು ಬಾಗಿಲು ತೆಗೆಯುತ್ತಾನೆ. ಹಿಂದಿನ ಕೋಣೆಗೆ ಈಗ ಬೀಗವಿಲ್ಲ. ಕೈಗೆ ಕೆಲಸವಿಲ್ಲದೆ ಅವನಿಗೆ ಬೇಜಾರು.

ಮೇ 6, ಮಂಗಳವಾರ

ಬೆಳಿಗ್ಗೆ ಜೋಯಿಸ ಕೆಂಪು ದೀಪ ತೋರಿಸಿದ. ಸೀಟಿನ ಬಟ್ಟೆ ಬರುವುದು ಅನುಮಾನ ಅಂತ. ನಂಬಲಿಲ್ಲ. ಬಟ್ಟೆಯವನು ನಿನ್ನೆ ತಾನೇ ಎಲ್ಲ ಸರಿಯಿದೆ ಅಂದಿದ್ದ. ಹುಡುಗಿ ತೆರೆ ತೋರಿಸಿದಳು. ಮೂರು ವಾರದಿಂದ ಅವನು ಕಳಿಸುವ ಗಂಟುಗಳು ಚಿಕ್ಕದಾಗುತ್ತಾ ಬಂದಿವೆ, ಬಿಲ್ಲು ಮಾತ್ರ ಮೊದಲಿಗಿಂತ ಬೇಗ ಬರುತ್ತಿದೆ. ಹತ್ತು ವರ್ಷದಲ್ಲಿ ನಮ್ಮ ಬೇರೆ ಬೇರೆ ಸರಬರಾಜುದಾರರು ಕೈ ಕೊಡುವ ಮುಂಚೆ ಹೀಗೇ ಮಾಡಿದ್ದರಂತೆ. ಹತ್ತು ವರ್ಷ ಅದೇ ಬಿಲ್ಲು ನಾನೂ ನೋಡಿದ್ದೇನೆ, ನನಗೆ ಕಂಡಿರಲಿಲ್ಲ.

ಫೋನು ಮಾಡಿದೆ. "ಅಕ್ಕಾ, ನಾಳೆ ಬಂದುಬಿಡತ್ತೆ" ಎಂದ, ಎಂದಿನ ಹಾಗೆ. ಎಂದಿನ ಹಾಗೆ ನಾನು ಕೂಗಬೇಕಿತ್ತು. ಯಾಕೋ ಕೂಗು ಬರಲಿಲ್ಲ.

"ನೋಡಪ್ಪ, ಈ ಸಲ ನಾನು ತಾರೀಕು ಹಿಂದೆ ಮುಂದೆ ಮಾಡಿಲ್ಲ. ಹದಿನೆಂಟು ಅಂದ್ರೆ ಹದಿನೆಂಟೇ. ಹತ್ತೊಂಬತ್ತಕ್ಕೆ ಬಂದ್ರೂ ನಮ್ಮ ಕಾರ್ಖಾನೆ ಮುಚ್ಚತ್ತೆ. ನಿಂಗೆ ಏನಾಗಿದೆ ಹೇಳು" ಅಂದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ ಹೇಳಿದ. ದೊಡ್ಡ ಮಗ್ಗ ಮುರಿದು ಮೂರು ವಾರವಾಗಿದೆ, ಹೇಳಿದರೆ ಆರ್ಡರು ಕೈತಪ್ಪುತ್ತದೆ ಅಂತ ಮುಚ್ಚಿಟ್ಟಿದ್ದ. ಅರ್ಧ ಕೊಡಬಲ್ಲ, ಅದು ಖಂಡಿತ. ಉಳಿದರ್ಧಕ್ಕೆ ಅವನೇ ತನ್ನ ಪೈಪೋಟಿಯವನ ನಂಬರು ಕೊಟ್ಟ. ಆ ನಂಬರು ಹೇಳುವಾಗ ಅವನ ದನಿ ಕೇಳಬೇಕಿತ್ತು, ಹಲ್ಲು ಕೀಳಿಸಿಕೊಳ್ಳುವವನ ಹಾಗಿತ್ತು. ಮಗ್ಗ ಸರಿಯಾದ ಮೇಲೆ ಮುಂದಿನ ಆರ್ಡರು ನಿನ್ನದೇ ಅಂದೆ. ಇದನ್ನು ಯಾರನ್ನೂ ಕೇಳದೆ ನಾನೇ ಹೇಳಿಬಿಟ್ಟೆ, ಯಜಮಾನರು ಆಮೇಲೆ ಒಪ್ಪಿದರು.

ಮೇ 18, ಭಾನುವಾರ

ಭಾನುವಾರವಾದರೂ ಹೋದೆ. ಎರಡೂ ಲಾರಿ ಬಂದವು. ಬಟ್ಟೆ ಪೂರ್ತಿ ಇದೆ. ಅಳೆಸಿದೆ. ಇನ್ನೊಂದು ಸಲ ಅಳೆಸಿದೆ, ಆಸೆಗೆ.

ತಂಗಿ ಫೋನು ಮಾಡಿದ್ದಳು, ಇದೇ ಮೂವತ್ತೊಂದಕ್ಕೆ ಬಂದು ಒಂದು ದಿನ ಇದ್ದು ಹೋಗುತ್ತಾಳಂತೆ. ಅಂದು ನಾನು ಬಿಡುವಾಗಿರುತ್ತೇನೆ ಅಂದೆ. ಇವರು ಪೇಪರಿನಿಂದ ತಲೆ ಎತ್ತಿ, "ಖಂಡಿತಾನಾ?" ಎಂದರು. ಖಂಡಿತ ಅಂದೆ. ಕಾರ್ಖಾನೆ ಅಲ್ಲಿಯವರೆಗೆ ಇರುತ್ತದೋ ಇಲ್ಲವೋ, ನಾನು ಮಾತ್ರ ಬಿಡುವಾಗಿರುತ್ತೇನೆ.

ಮೇ 28, ಬುಧವಾರ

ಮುಗಿಯಿತು! ಮುನ್ನೂರನೆಯ ಕುರ್ಚಿಗೆ ಮಧ್ಯಾಹ್ನ ಬ್ರೇಕು ಕೂತಿತು. ಎರಡು ದಿನ ಮೊದಲೇ! ನಮ್ಮ ಕಾರ್ಖಾನೆ ಹುಟ್ಟಿದಾಗಿನಿಂದ ಯಾವ ದೊಡ್ಡ ಆರ್ಡರೂ ಮೊದಲೇ ಮುಗಿದದ್ದಿಲ್ಲ. ಬೀಗದಣ್ಣನಿಗೇ ಕೊನೆಯ ಸ್ಪ್ರಿಂಗ್ ಹಾಕಲು ಕೊಟ್ಟೆವು. ಎರಡು ಸಲ ಬೀಳಿಸಿದ. ಮೂರನೆಯ ಸಲ ಟಕ್ ಅಂತ ಕೂತಾಗ ಶೆಡ್ಡಿನ ತಗಡೆಲ್ಲ ಅದುರುವ ಹಾಗೆ ಶಿಳ್ಳೆ ಬಿತ್ತು. ವೆಲ್ಡಿಂಗಿನವರು ಜೇನುಬಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಂಗಳದ ಸುತ್ತ ಓಡಿಸಿದರು. ಅವನು ಬೇಡ ಬೇಡ ಅನ್ನುತ್ತಲೇ ಕೈ ಬೀಸುತ್ತಿದ್ದ.

ಚಕ್ರ ಸರಿಯಾಗಿ ಸಾಕಾಯಿತು. ಗೋಡೌನಿನ ನೆಲ ಕಾಣುತ್ತಿದೆ. ಅದರ ಬಣ್ಣ ಹಸಿರು ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಟೇಪಿನವನು ಇವತ್ತೇ ಬಂದಿದ್ದ, ವಿಚಾರಿಸಲು. ಯಜಮಾನರು ಗೇಟಿನಲ್ಲೇ ನಿಲ್ಲಿಸಿ, ಅಳೆಯುವುದಕ್ಕೆ ಏನೂ ಇಲ್ಲ ಎಂದು ಕೈ ಮುಗಿದು ಕಳಿಸಿದರು. ಆಮೇಲೆ ನೇರ ನನ್ನ ಮೇಜಿಗೆ ಬಂದು ನಿಂತರು. ಹೊಗಳುತ್ತಾರೆ ಅಂದುಕೊಂಡೆ. ಮುಖ ಒರೆಸಿಕೊಂಡು, "ಇವತ್ತು ಮನೆಗೆ ಬೇಗ ಹೋಗಮ್ಮ" ಎಂದರು. ನನಗೆ ಅಷ್ಟೇ ಸಾಕಾಯಿತು.

ಹೋಗುವ ಮುಂಚೆ ಜೋಯಿಸರ ತೆರೆಯನ್ನು ನನ್ನ ಕರವಸ್ತ್ರದಿಂದ ಒರೆಸಿದೆ, ಧೂಳಿತ್ತು. ಹುಡುಗಿ ನೋಡಿ, ಅಕ್ಕಾ, ಬಟ್ಟೆ ಒದ್ದೆ ಇರಬಾರದು ಅಂದಳು. ಅವಳು ಯಾವಾಗ ಮೇಡಂ ಬಿಟ್ಟು ಅಕ್ಕ ಅನ್ನಲು ಶುರು ಮಾಡಿದಳೋ ನೆನಪಿಲ್ಲ.

ಮೇ 30, ಶುಕ್ರವಾರ

ಕೊನೆಯ ಲಾರಿಯ ಜೊತೆ ನಾನೂ ಹೋದೆ, ಹುಡುಗಿಯನ್ನೂ ಕರೆದುಕೊಂಡು. ಹಿಂದೆ ಎರಡು ಸಲವೂ ತಡವಾಗಿ ತಲುಪಿದ ಕುರ್ಚಿಗಳ ಜೊತೆ ಕ್ಷಮಾಪಣೆ ಪತ್ರ ಕಳಿಸಿದ್ದೆ, ಮುಖ ತೋರಿಸಿರಲಿಲ್ಲ.

ಉದ್ದನೆಯ ವಾರ್ಡು, ಎರಡು ಸಾಲು ಹಾಸಿಗೆ. ಮೇಡಂ ಮೊದಲ ಕುರ್ಚಿಯನ್ನು ಕಿಟಕಿಯಿಂದ ದೂರದ ಮಂಚದ ಹತ್ತಿರ ತರಿಸಿದರು. ಅಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳಿದ್ದಳು. ಬಸ್ಸಿನ ಕಂಡಕ್ಟರಾಗಿದ್ದವಳಂತೆ, ಬಾಯಿ ಜೋರು. ಇಬ್ಬರು ಎತ್ತಿ ಕೂರಿಸಿದರು. ಅವಳು ಚಕ್ರಕ್ಕೆ ಕೈ ಹಾಕಿ ಒಂದು ಸಲ ತಳ್ಳಿದಳು. ಕುರ್ಚಿ ಸರ್ರನೆ ಹೋಯಿತು. ಹಾಸಿಗೆಗಳ ನಡುವೆ, ಎಲ್ಲರ ಮುಂದೆ, ಬಾಗಿಲ ಕಡೆಗೆ ಹೋಗುತ್ತಲೇ ಇತ್ತು. ಹಿಂದೆ ಓಡಿದ ನರ್ಸನ್ನು ಬೇಡ ಅಂತ ಕೈಯಲ್ಲೇ ತಡೆದಳು. ಗೋಡೆಗೆ ಇನ್ನೇನು ಬಡಿಯಬೇಕು ಅನ್ನುವಾಗ ಬ್ರೇಕು ಎಳೆದಳು. ಟಕ್. ಒಂದು ಗೇಣು ಬಿಟ್ಟು ನಿಂತಿತು.

ಅವಳು ಕುರ್ಚಿ ತಿರುಗಿಸಿಕೊಂಡು, "ಬ್ರೇಕ್ ಯಾರು ಮಾಡಿದ್ದು? ಒಳ್ಳೆ ಡ್ರೈವರಿಗೆ ಮಾಡಿದ ಹಾಗಿದೆ" ಎಂದಳು.

ಎಲ್ಲ ನಮ್ಮವರೇ ಅಂತ ಹೇಳಲು ಹೋದೆ, ಅಳು ಬಂತು. ಈ ಸಲ ಕೆಮ್ಮಲಿಲ್ಲ. ಅತ್ತೆ. ಅಳುವುದಕ್ಕೂ ಒಂದು ಖುಷಿಯಿದೆ. ಅವಳು ಆಗಲೇ ಹೊರಗಿನ ಕಾರಿಡಾರಿನಲ್ಲಿದ್ದಳು, ಬಿಸಿಲು ಬೀಳುವ ಕಡೆ. ಹಾಸಿಗೆಯಲ್ಲಿದ್ದ ಉಳಿದವರು ತಮ್ಮ ಸರದಿ ಯಾವಾಗ ಅಂತ ಕೂಗುತ್ತಿದ್ದರು. ಇಡೀ ವಾರ್ಡು ಬಸ್ ನಿಲ್ದಾಣದ ಹಾಗಿತ್ತು.

ಬರುವಾಗ ಲಾರಿಯಲ್ಲಿ ಹುಡುಗಿ ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದಳು. ಪಾಪ, ಅವಳ ಯಂತ್ರವನ್ನು ನಾನು ಎಷ್ಟು ತಿದ್ದಬೇಕಾಯಿತು! ಈಗ ಮನುಷ್ಯರ ಹಾಗೆ ಮಾತಾಡುತ್ತಿದೆ. ಹಾಗಂತ ಅವಳಿಗೆ ಹೇಳಿದೆ. ಹೌದಕ್ಕಾ, ತುಂಬ ತಿದ್ದಿದಿರಿ ಅಂತ ನಕ್ಕಳು. ಯಾಕೆ ನಕ್ಕಳೋ.

ಜೂನ್ 1, ಭಾನುವಾರ

ಡಾಕ್ಟರು ಮಾತ್ರೆ ಅರ್ಧ ಮಾಡಿದ್ದಾರೆ. ಎಲ್ಲ ಡೈರಿಯ ಮಹಿಮೆ ಅಂತ ಇವರು ಬೀಗುತ್ತಾರೆ.

ಗೋಡೆ ಗಡಿಯಾರ ನಿಂತುಹೋಗಿತ್ತು. ಇವರು ಸ್ಟೂಲು ಹತ್ತಿ ಹೊಸ ಸೆಲ್ ಹಾಕಿ, ಎಷ್ಟು ಮುಂದಿಡಲಿ ಅಂತ ಕೇಳಿದರು. ಮುಂದೆ ಯಾಕೆ, ಎಷ್ಟಾಗಿದೆಯೋ ಅಷ್ಟಿಡಿ ಅಂದೆ. ಸ್ಟೂಲಿನ ಮೇಲೆ ನಿಂತುಕೊಂಡೇ ನನ್ನನ್ನು ನೋಡಿದರು. ಬಿದ್ದೀರಿ, ಇಳೀರಿ ಅಂದೆ.

ಮಧ್ಯಾಹ್ನ ತಂಗಿಯನ್ನು ರೈಲು ಹತ್ತಿಸಿ ಬಂದೆವು. ಕಾಯಲೂ ಇಲ್ಲ, ಓಡಲೂ ಇಲ್ಲ. ಕಿಟಕಿಯಿಂದ ಬಗ್ಗಿ ಕೈ ಬೀಸುತ್ತಲೇ ಹೋದಳು. ಇರಲಿ ಅಂತ ಜಾಸ್ತಿ ಬೇಯಿಸಿರಲಿಲ್ಲ, ಅಡುಗೆ ಸ್ವಲ್ಪವೂ ಮಿಕ್ಕಿರಲಿಲ್ಲ, ಇವರಿಗೆ ಅದೂ ಆಶ್ಚರ್ಯ.

ಸಂಜೆ ಜೇನುಬಾಯಿ ಮನೆಗೇ ಫೋನು ಮಾಡಿದ. ದೊಡ್ಡಾಸ್ಪತ್ರೆಯ ಮೇಡಂ ಇನ್ನೊಂದು ಆಸ್ಪತ್ರೆಗೆ ನಮ್ಮ ಹೆಸರು ಹೇಳಿದ್ದಾರಂತೆ. ಹೊಸ ಆರ್ಡರು ಬಂದಿದೆ. ಖುಷಿಗೆ ಅದನ್ನೇ ಮೂರು ಸಲ ಹೇಳಿದ. ಇವರ ಪೇಪರಿನ ಅಂಚಿನಲ್ಲೇ ಬರೆದುಕೊಂಡೆ: ಇನ್ನೂರು ಕುರ್ಚಿ.

ಫೋನು ಇಟ್ಟು, ಅನ್ನ ಇಳಿಸಿ, ತಟ್ಟೆ ಹಾಕಿದ ಮೇಲೆ ನೆನಪಾಯಿತು. ನಿಜವಾಗಿ ಎಷ್ಟು ಅಂತ ಅವನನ್ನು ಕೇಳುವುದನ್ನೇ ಮರೆತಿದ್ದೆ.